ಹಳೆಯ ಔಟ್‌ಬೋರ್ಡ್ ಮೋಟಾರಿನಲ್ಲಿ ಮತ್ತೆ ಕಿಡಿ ಬರಿಸಿದ ಬಗೆ

ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುವ ಮಿತ್ರರೊಬ್ಬರು ಬಹುಕಾಲ ಗೋಣಿಚೀಲ ಹೊದಿಸಿಟ್ಟಿದ್ದ ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನು, ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಅದು 1960ರ ದಶಕದ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಯಂತ್ರ. ಬ್ಯಾಟರಿಯ ಹಂಗಿಲ್ಲದ ಈ ಯಂತ್ರದಲ್ಲಿ ಫ್ಲೈವೀಲಿನ, ಅಂದರೆ ಶಾಫ್ಟಿನ ತುದಿಯ ಭಾರದ ಚಕ್ರದ, ಒಳಗಿನ ಅಯಸ್ಕಾಂತವೇ ಕಿಡಿಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸುತ್ತದೆ; ಸಿಲಿಂಡರಿಗೊಂದರಂತೆ ವೋಲ್ಟೇಜ್ ಏರಿಸುವ ಕಾಯಿಲ್, ವಿದ್ಯುತ್ತನ್ನು ಸರಿಯಾದ ಕ್ಷಣಕ್ಕೆ ಕಡಿಯುವ ಸ್ವಿಚ್ಚಿನಂಥ ಪಾಯಿಂಟ್ ಮತ್ತು ಆಗ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಇರುತ್ತವೆ.

ಬಿಚ್ಚಿದ ಪ್ಲಗ್ಗನ್ನು ಬ್ಲಾಕಿಗೆ ತಾಗಿಸಿ ಕಿಡಿ ನೋಡುವ ರೂಢಿಯನ್ನು ನಾನು ನಂಬುವುದಿಲ್ಲ, ಏಕೆಂದರೆ ತೆರೆದ ಗಾಳಿಯಲ್ಲಿ ಹಾರುವ ಕಿಡಿ ಕಂಪ್ರೆಶನ್ನಿನ ಒತ್ತಡದಲ್ಲಿ ಸತ್ತುಹೋಗಬಹುದು. ಸುಮಾರು 6 ಮಿ.ಮೀ. ಅಂತರವನ್ನು ದಾಟಿ ಹಾರುವ ನೀಲಿ ಕಿಡಿ ಬೇಕು. ಇಲ್ಲಿ ಮೇಲಿನ ಸಿಲಿಂಡರಿನಲ್ಲಿ ಏನೂ ಇರಲಿಲ್ಲ. ಕೆಳಗಿನದರಲ್ಲಿ ಸಣ್ಣ ಅಂತರಕ್ಕೆ ಮಾತ್ರ ನಿತ್ರಾಣವಾದ ಕಿತ್ತಳೆ ಬಣ್ಣದ ಕಿಡಿ.

ಫ್ಲೈವೀಲನ್ನು ಸುತ್ತಿಗೆಯಿಂದ ಬಡಿದು ತೆಗೆಯಬಾರದು. ತುಮಕೂರಿನ ಲೇತ್ ಅಂಗಡಿಯೊಂದರಲ್ಲಿ ದಪ್ಪ ಉಕ್ಕಿನ ತಟ್ಟೆಗೆ ಮೂರು ತೂತು ಕೊರೆಸಿ, ಅದನ್ನು ಎಳೆದು ತೆಗೆಯುವ ಪುಲ್ಲರ್ ಮಾಡಿಸಿದೆ. ಮೋಟಾರಿನ ತಿರುಪಿನ ಮರೆಗಳು (ಥ್ರೆಡ್) ಇಂಚಿನ ಅಳತೆಯವಾದ್ದರಿಂದ ಬೋಲ್ಟು ಹುಡುಕುವುದೇ ದೊಡ್ಡ ಕೆಲಸವಾಯಿತು.

ಒಳಗೆ ಪಾಯಿಂಟುಗಳು ಸವೆದಿರಲಿಲ್ಲ, ಆದರೆ ಅವುಗಳ ಮುಖದ ಮೇಲೆ ಬೂದುಬಣ್ಣದ ಪೊರೆ ಕಟ್ಟಿತ್ತು. ಮುಚ್ಚಿಕೊಂಡಿದ್ದಾಗಲೂ ರೋಧ ಅಳೆಯುವ ಮೀಟರು ಸೊನ್ನೆ ತೋರಿಸಲಿಲ್ಲ. ನಯವಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಬಳಿಕ ಥಿನ್ನರಿನಲ್ಲಿ ಅದ್ದಿದ ದಪ್ಪ ಕಾಗದವನ್ನು ಅವುಗಳ ನಡುವೆ ಸಿಕ್ಕಿಸಿ, ಅದರ ಮೇಲೆ ಕಪ್ಪು ಗೆರೆ ಮೂಡದಿರುವ ತನಕ ಎಳೆಯುತ್ತ ಹೋದೆ. ಎಮರಿಯ ಪುಡಿ ಉಳಿದರೆ ಉಜ್ಜಿದ್ದೆಲ್ಲ ವ್ಯರ್ಥ. ಪಾಯಿಂಟುಗಳನ್ನು ತೆರೆಯುವ ಕ್ಯಾಮಿನ ಅತಿ ಎತ್ತರದ ಜಾಗದಲ್ಲಿ ನಿಲ್ಲಿಸಿ, ಈ ಮಾದರಿಗೆ ಹೇಳಿರುವ 0.020 ಇಂಚು, ಅಂದರೆ ಅರ್ಧ ಮಿ.ಮೀ. ಅಂತರವನ್ನು ತೆಳು ಉಕ್ಕಿನ ಪಟ್ಟಿಗಳ ಫೀಲರ್ ಗೇಜಿನಿಂದ ಹೊಂದಿಸಿದೆ. ಯಾವುದೋ ಸ್ಕೂಟರಿನ ಕಂಡೆನ್ಸರ್ ಹಾಕಿಬಿಡಿ ಎಂಬ ಸಲಹೆ ಗ್ಯಾರೇಜಿನಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಧಾರಕತೆ, ಅಂದರೆ ವಿದ್ಯುತ್ ಹಿಡಿದಿಡುವ ಸಾಮರ್ಥ್ಯ, ಹೊಂದದಿದ್ದರೆ ಒಂದು ಪಾಯಿಂಟಿನ ಲೋಹ ಕಿತ್ತು ಇನ್ನೊಂದರ ಮೇಲೆ ಗುಪ್ಪೆಯಾಗುತ್ತದೆ. ಹಳೆಯವು ಅಳತೆಯಲ್ಲಿ ಸರಿಯಿದ್ದುದರಿಂದ ಅವನ್ನೇ ಉಳಿಸಿಕೊಂಡೆ.

ಮೇಲಿನ ಸಿಲಿಂಡರಿಗೆ ಇಷ್ಟೇ ಸಾಕಾಯಿತು. ಕೆಳಗಿನ ಕಾಯಿಲಿನ ಹೊದಿಕೆಯಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕಿತ್ತು, ಅದಕ್ಕೆ ಹೊಸದೇ ಬೇಕಾಯಿತು. ಅಯಸ್ಕಾಂತ ತಾಗದಂತೆ, ಆದರೆ ದೂರವೂ ಉಳಿಯದಂತೆ, ಕಾಯಿಲಿನ ಕಬ್ಬಿಣದ ತುದಿಗಳನ್ನು ಕಾಯಿಲ್ ಕೂತಿರುವ ತಟ್ಟೆಯ ಅಂಚಿಗೆ ಸಮನಾಗಿ ಕೂರಿಸಬೇಕು. ಶಾಫ್ಟಿನ ಮೇಲೆ ಫ್ಲೈವೀಲಿನ ಸ್ಥಾನ ಹಿಡಿದಿಡುವ ಸಣ್ಣ ಲೋಹದ ತುಂಡು, ಅಂದರೆ ಕೀ, ನೆಟ್ಟಗಿದೆಯೇ ಎಂದು ನೋಡಿ, ಶಾಫ್ಟಿನ ಇಳಿಜಾರನ್ನು ಎಣ್ಣೆಯ ಪಸೆಯಿಲ್ಲದಂತೆ ಒರೆಸಿ ನಟ್ ಬಿಗಿದೆ.

ನೀರಿಲ್ಲದೆ ಓಡಿಸಿದರೆ ಯಂತ್ರವನ್ನು ತಣಿಸುವ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಹಾಳಾಗುತ್ತದೆ, ಆದ್ದರಿಂದ ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ ಹಗ್ಗ ಎಳೆದೆವು, ಸ್ಟಾರ್ಟ್ ಆಯಿತು. ಬಿರುಕಿನ ಕಾಯಿಲ್ ಕೈಕೊಡುವುದು ಹೆಚ್ಚಾಗಿ ಬಿಸಿಯಾದಾಗ, ಹಾಗಾಗಿ ಚೆನ್ನಾಗಿ ಕಾಯಿಸಿ, ನಿಲ್ಲಿಸಿ ಮತ್ತೆ ಎಳೆದು ನೋಡಿದೆವು. ಆಗಲೂ ತಕರಾರು ಮಾಡಲಿಲ್ಲ. ಪ್ಲಗ್ಗಿನ ಹಳೆಯ ವೈರುಗಳನ್ನು ಬದಲಿಸುವುದು ಇನ್ನೂ ಬಾಕಿಯಿದೆ. ಅದಕ್ಕೆ ಈಗಿನ ಕಾರುಗಳ ಕಾರ್ಬನ್ ವೈರಲ್ಲ, ತಾಮ್ರದ ಎಳೆಯದೇ ಆಗಬೇಕು.