ಎಲ್ಲರೂ ಬರೆಯಬೇಕು, ಯಾರೂ ಅಳಿಸಬಾರದು

ಹತ್ತು ಜನ ಒಂದೇ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಮ್) ಫೈಲನ್ನು ಸರ್ವರಿನಿಂದ ನೇರವಾಗಿ ತೆರೆದು ಕೆಲಸ ಮಾಡುತ್ತಿದ್ದೆವು. ಆಗಾಗ ಕೆಡುತ್ತಿತ್ತು, ರಿಪೇರಿ ಮಾಡಿ ಮುಂದೆ ಹೋಗುತ್ತಿದ್ದೆವು. ಒಂದು ದಿನ ಯಾರೋ ಫೋಲ್ಡರ್ ಚೊಕ್ಕ ಮಾಡಲು ಹೋಗಿ ಆ ಫೈಲನ್ನೇ ಡಿಲೀಟ್ ಮಾಡಿಬಿಟ್ಟರು. ಇದ್ದ ಬ್ಯಾಕಪ್ ಹಿಂದಿನ ರಾತ್ರಿಯದು. ಇಡೀ ದಿನದ ಎಂಟ್ರಿಗಳನ್ನು ಮತ್ತೆ ಟೈಪ್ ಮಾಡಿದೆವು. ಆಮೇಲೆ ಇದನ್ನು ಸರಿಪಡಿಸುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಫೈಲನ್ನು ಎರಡಾಗಿ ಒಡೆದೆ. ಟೇಬಲ್‌ಗಳಷ್ಟೇ ಇರುವ ಬ್ಯಾಕ್ ಎಂಡ್ ಸರ್ವರಿನಲ್ಲಿ. ಫಾರ್ಮ್, ಕ್ವೆರಿ, ರಿಪೋರ್ಟ್ ಇರುವ ಫ್ರಂಟ್ ಎಂಡ್‌ನ ಒಂದೊಂದು ಪ್ರತಿ ಒಬ್ಬೊಬ್ಬರ ಕಂಪ್ಯೂಟರಿನಲ್ಲಿ. ಇದಕ್ಕೆ ಆಕ್ಸೆಸ್‌ನಲ್ಲೇ ವಿಝಾರ್ಡ್ ಇದೆ, ಹೆಚ್ಚು ಹೊತ್ತು ಹಿಡಿಯಲಿಲ್ಲ. ಫ್ರಂಟ್ ಎಂಡನ್ನು ಬ್ಯಾಕ್ ಎಂಡಿಗೆ ಲಿಂಕ್ ಮಾಡುವಾಗ ಮಾತ್ರ ಡ್ರೈವ್ ಅಕ್ಷರ ಬಿಟ್ಟು ಸರ್ವರಿನ ಹೆಸರಿರುವ ಪೂರ್ತಿ ದಾರಿ ಕೊಟ್ಟೆ. ಒಬ್ಬರಿಗೆ ಝಡ್ ಡ್ರೈವ್, ಇನ್ನೊಬ್ಬರಿಗೆ ವೈ ಡ್ರೈವ್ ಅಂತಾದರೆ ಲಿಂಕ್ ಮುರಿಯುತ್ತದೆ, ಅಲ್ವಾ. ವೈಫೈ ಮೇಲಿದ್ದ ಇಬ್ಬರಿಗೆ ಕೇಬಲ್ ಹಾಕಿಸಿದೆ. ಬರೆಯುವ ನಡುವೆ ಸಂಪರ್ಕ ಕಡಿದರೆ ಇಂಥ ಫೈಲ್ ಕೆಡುವ ಸಾಧ್ಯತೆ ಜಾಸ್ತಿ.

ನಾನು ಎಡವಿದ್ದು ಪರ್ಮಿಷನ್‌ನಲ್ಲಿ, ಅಂದರೆ ಯಾರಿಗೆ ಯಾವ ಹಕ್ಕು ಅನ್ನುವುದರಲ್ಲಿ. ಜಾಣತನ ತೋರಿಸಲು ಹೋಗಿ ಫೋಲ್ಡರಿಗೆ ಬರೀ ಓದುವ ಹಕ್ಕು, ಫೈಲಿಗೆ ಮಾತ್ರ ಬರೆಯುವ ಹಕ್ಕು ಕೊಟ್ಟೆ. ಬೆಳಿಗ್ಗೆ ಮೊದಲು ಬಂದವರು ತೆರೆದರು. ಎರಡನೆಯವರಿಗೆ ತೆರೆಯಲಿಲ್ಲ. ಕಾರಣ, ಮೊದಲನೆಯವರು ತೆರೆದಾಗ ಅದೇ ಫೋಲ್ಡರಿನಲ್ಲಿ ಎಲ್‌ಎಸಿಸಿಡಿಬಿ ಅನ್ನುವ ಲಾಕ್ ಫೈಲ್ ಹುಟ್ಟಬೇಕು. ಯಾರು ಯಾವ ರೆಕಾರ್ಡ್ ಹಿಡಿದಿದ್ದಾರೆ ಅನ್ನುವುದು ಅದರಿಂದಲೇ ಗೊತ್ತಾಗುವುದು. ಕೊನೆಯವರು ಮುಚ್ಚಿದಾಗ ಅದು ಅಳಿಯಬೇಕು. ಅದು ಹುಟ್ಟಲು ಫೋಲ್ಡರಿನಲ್ಲಿ ಹಕ್ಕೇ ಇಲ್ಲದಿದ್ದರೆ ಫೈಲ್ ಒಬ್ಬರಿಗೇ ಮೀಸಲಾಗುತ್ತದೆ.

ಸರಿ, ಒಂದು ಗ್ರೂಪ್ ಮಾಡಿ, ಬೇಕಾದವರನ್ನಷ್ಟೇ ಸೇರಿಸಿ, ಫೋಲ್ಡರಿಗೆ ಮಾಡಿಫೈ (ಓದುವ, ಬರೆಯುವ, ಅಳಿಸುವ ಹಕ್ಕು) ಕೊಟ್ಟೆ. ಆದರೂ ಯಾರಿಗೂ ಬರೆಯಲಾಗಲಿಲ್ಲ! ನೆಟ್‌ವರ್ಕ್ ಮೂಲಕ ಬರುವವರಿಗೆ ಬೇರೆಯಾಗಿ ಇರುವ ಶೇರ್ ಪರ್ಮಿಷನ್ ಇನ್ನೂ ರೀಡ್‌ನಲ್ಲೇ (ಬರೀ ಓದುವುದು) ಇತ್ತು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರ್‌ನಲ್ಲಿ ಚೇಂಜ್ (ಬದಲಿಸುವ ಹಕ್ಕು) ಕೊಟ್ಟ ಮೇಲೆ ಎಲ್ಲರಿಗೂ ತೆರೆಯಿತು.

ಮಾಡಿಫೈ ಕೊಟ್ಟರೆ ಡಿಲೀಟ್ ಮಾಡುವ ಹಕ್ಕೂ ಜೊತೆಗೇ ಬರುತ್ತದೆ. ಬಂದ ದಾರಿಗೆ ಸುಂಕವಿಲ್ಲ ಅನ್ನುವ ಹಾಗೆ ಮತ್ತೆ ಮೊದಲಿನ ಜಾಗಕ್ಕೇ ಬಂದೆ. ಹಾಗಾಗಿ ಬ್ಯಾಕ್ ಎಂಡ್ ಫೈಲಿಗೆ ಮಾತ್ರ ಫೋಲ್ಡರಿನಿಂದ ಇಳಿದು ಬರುವ ಹಕ್ಕನ್ನು ತಡೆದು, ಓದುವ ಬರೆಯುವ ಹಕ್ಕು ಉಳಿಸಿ, ಡಿಲೀಟ್ ತೆಗೆದೆ. ಲಾಕ್ ಫೈಲ್ ಎಂದಿನಂತೆ ಹುಟ್ಟಿ ಅಳಿಯುತ್ತದೆ, ಡೇಟಾ ಫೈಲನ್ನು ಯಾರೂ ಅಳಿಸಲಾರರು, ಹೆಸರೂ ಬದಲಿಸಲಾರರು.

ಬ್ಯಾಕ್ ಎಂಡಿಗೆ ಪಾಸ್‌ವರ್ಡನ್ನೂ ಹಾಕಿದೆ, ಆದರೆ ಅದನ್ನು ನೆಚ್ಚಿಕೊಂಡಿಲ್ಲ. ಲಿಂಕ್ ಮಾಡಿದ ಟೇಬಲ್‌ನ ಪಾಸ್‌ವರ್ಡ್ ಫ್ರಂಟ್ ಎಂಡ್‌ನ ಸಿಸ್ಟಮ್ ಟೇಬಲಿನಲ್ಲಿ (ಆಕ್ಸೆಸ್ ತನಗಾಗಿ ಇಟ್ಟುಕೊಳ್ಳುವ ಟೇಬಲ್) ಹಾಗೇ ಓದುವಂತೆ ಕೂತಿರುತ್ತದೆ. ಬರೀ ಬ್ಯಾಕ್ ಎಂಡ್ ಹೊರಗೆ ಹೋದರೆ ಉಪಯೋಗವಾದೀತು, ಅಷ್ಟೇ. ಪಾಸ್‌ವರ್ಡ್ ಹಾಕುವಾಗ ರೋ ಲೆವೆಲ್ ಲಾಕಿಂಗ್ (ಒಂದೇ ರೆಕಾರ್ಡನ್ನು ಲಾಕ್ ಮಾಡುವುದು) ಇರುವುದಿಲ್ಲ ಅಂತ ಒಂದು ಸಂದೇಶವೂ ಬರುತ್ತದೆ, ಸುಮ್ನೆ ಓಕೆ ಒತ್ತಬೇಡಿ. ಅಂದರೆ ಅಕ್ಕಪಕ್ಕದ ರೆಕಾರ್ಡ್‌ಗಳೂ ಒಟ್ಟಿಗೆ ಲಾಕ್ ಆಗಬಹುದು.

ಫೈಲ್ 2 ಜಿಬಿ ದಾಟುವಂತಿಲ್ಲ, ಅದಕ್ಕೆ ತಿಂಗಳಿಗೊಮ್ಮೆ ಎಲ್ಲರಿಗೂ ಫೈಲ್ ಮುಚ್ಚಲು ಹೇಳಿ ಕಾಂಪ್ಯಾಕ್ಟ್ ಮಾಡುತ್ತೇನೆ, ಅಂದರೆ ಒಳಗಿನ ಖಾಲಿ ಜಾಗ ತೆಗೆದು ಫೈಲನ್ನು ಚಿಕ್ಕದು ಮಾಡುತ್ತೇನೆ. ಲಾಕ್ ಫೈಲ್ ಅಳಿದಿದೆಯಾ ನೋಡಿ, ಮೊದಲು ಒಂದು ಕಾಪಿ ತೆಗೆದಿಟ್ಟುಕೊಳ್ಳುತ್ತೇನೆ. ಮೊದಲ ಸಲ ಕಾಂಪ್ಯಾಕ್ಟ್ ಮಾಡಿ ಎರಡು ವಾರವಾದ ಮೇಲೆ ನೋಡಿದರೆ ಡಿಲೀಟ್ ಹಕ್ಕು ಎಲ್ಲರಿಗೂ ವಾಪಸ್ ಬಂದಿತ್ತು. ಕಾಂಪ್ಯಾಕ್ಟ್ ಹಳೇ ಫೈಲನ್ನು ತಿದ್ದುವುದಿಲ್ಲ. ಹೊಸದೊಂದನ್ನು ಮಾಡಿ ಅದೇ ಹೆಸರಿಡುತ್ತದೆ. ಹೊಸ ಫೈಲ್ ಫೋಲ್ಡರಿನ ಹಕ್ಕನ್ನೇ ಹೊತ್ತುಕೊಂಡು ಬರುತ್ತದೆ.

ಈಗ ಪರ್ಮಿಷನ್ ಮತ್ತೆ ಹಾಕಲು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಅದು ಓಡಿದ ಮೇಲೆ ಗ್ರೂಪಿನ ಸಾಮಾನ್ಯ ಅಕೌಂಟಿನಲ್ಲಿ ಲಾಗಿನ್ ಆಗಿ, ಬ್ಯಾಕ್ ಎಂಡ್ ಫೈಲಿನ ಮೇಲೆ ನಾನೇ ಡಿಲೀಟ್ ಒತ್ತುತ್ತೇನೆ. ಆಗಲ್ಲ ಅಂತ ಬಂದರೆ ಸಿಸ್ಟಮ್ ಮುಚ್ಚಿ ಮನೆಗೆ ಹೊರಡುತ್ತೇನೆ.