ಗುಟುಕು ಇಳಿದ ಮೇಲಿನ ಒಗರು

ಮನೆಯಲ್ಲೇ ಕಾಫಿ ಬೀಜ ಹುರಿದು, ಪೇಪರ್ ಫಿಲ್ಟರ್ ಮೇಲೆ ಬಿಸಿನೀರು ಸುರಿದು ಕುಡಿಯಲು ಶುರು ಮಾಡಿ ಮೂರು ವರ್ಷವಾಯಿತು. ಹಾಲು, ಸಕ್ಕರೆ, ಚಿಕೋರಿ ಯಾವುದೂ ಇಲ್ಲ. ಬೀಜದ ರುಚಿ ಇದ್ದ ಹಾಗೇ ಸಿಗುತ್ತದೆ. ಮೊದಲ ಎರಡು ವರ್ಷ ಒಂದೇ ತೊಂದರೆ ಕಾಡಿತು. ಘಮ ಚೆನ್ನಾಗಿರುತ್ತಿತ್ತು, ಮೊದಲ ಗುಟುಕು ಸಿಹಿಯಾಗೇ ಇರುತ್ತಿತ್ತು. ಗುಟುಕು ಇಳಿದ ಮೇಲೆ ಮಾತ್ರ ನಾಲಿಗೆ ಒಣಗಿದ ಹಾಗಾಗುತ್ತಿತ್ತು. ಗೇರುಹಣ್ಣು ತಿಂದವರಿಗೆ ಗೊತ್ತು. ರಸ ಸಿಹಿ, ಆಮೇಲೆ ಗಂಟಲು ಹಿಡಿಯುವ ಒಗರು. ಥೇಟ್ ಹಾಗೆ.

ನೀರಿನ ಬಿಸಿ ಇಳಿಸಿದೆ, ಪುಡಿ ದಪ್ಪ ಮಾಡಿದೆ, ನಿಧಾನವಾಗಿ ಸುರಿದೆ. ಒಗರು ತುಸು ಕಡಿಮೆಯಾಯಿತು, ಹೋಗಲಿಲ್ಲ.

ನನಗೆ ಬೀಜ ಬರುವುದು ಮೂಡಿಗೆರೆ ಕಡೆಯ ಚಿಕ್ಕಪ್ಪನ ತೋಟದಿಂದ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಎಸ್. 795 ತಳಿ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಚೆರ್ರಿ, ಅದೂ ಕೊನೆ ಸುತ್ತಿನ ಕೊಯ್ಲಿನದು. ಕೊನೆ ಸುತ್ತಿನಲ್ಲಿ ಗಿಡದಲ್ಲಿ ಉಳಿದದ್ದನ್ನೆಲ್ಲ ಉದುರಿಸಿಕೊಳ್ಳುತ್ತಾರೆ, ಹಣ್ಣಿನ ಜೊತೆ ಕಾಯಿಯೂ ಬರುತ್ತದೆ. ಹಸಿ ಬೀಜದಲ್ಲಿ ಈ ಎಳಸು ಕಣ್ಣಿಗೆ ಬೀಳುವುದು ಕಷ್ಟ. ಒಂದು ಬೆಳಿಗ್ಗೆ ಹುರಿದ ಬೀಜವನ್ನು ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಬಿಸಿಲಿಗೆ ಹಿಡಿದೆ. ಕಂದು ಬೀಜಗಳ ನಡುವೆ ಅಲ್ಲಲ್ಲಿ ಕಡಲೆಕಾಯಿ ಬೀಜದ ಬಣ್ಣದವು ಕಂಡವು. ಒಂದನ್ನು ಬಾಯಿಗೆ ಹಾಕಿ ಅಗಿದೆ. ಹುರಿದ ಕಡಲೆಕಾಯಿಯ ವಾಸನೆ, ಕಾಗದ ಜಗಿದಂಥ ರುಚಿ, ಹಿಂದೆಯೇ ಒಗರು. ಪಕ್ಕದ ಕಂದು ಬೀಜದಲ್ಲಿ ಅದ್ಯಾವುದೂ ಇರಲಿಲ್ಲ. ಎಳಸು ಬೀಜದಲ್ಲಿ ಸಕ್ಕರೆ ಕಡಿಮೆ, ಅದಕ್ಕೇ ಹುರಿದಾಗ ಅದರ ಬಣ್ಣ ಉಳಿದ ಬೀಜಗಳಷ್ಟು ತಿರುಗುವುದಿಲ್ಲ.

ಆವತ್ತಿನಿಂದ ಅಕ್ಕಿ ಆರಿಸಿದ ಹಾಗೆ ಬೀಜ ಆರಿಸುತ್ತೇನೆ. 200 ಗ್ರಾಂ ಹಸಿ ಬೀಜ ಹುರಿದರೆ ಸುಮಾರು 170 ಗ್ರಾಂ ಉಳಿಯುತ್ತದೆ. ಅದರಲ್ಲಿ 10–12 ಗ್ರಾಂ ಎಳಸು ಸಿಗುತ್ತದೆ. ಹತ್ತು ನಿಮಿಷದ ಕೆಲಸ, ಆದರೆ ಇಷ್ಟು ಫರಕು ತಂದದ್ದು ಬೇರೆ ಯಾವುದೂ ಇಲ್ಲ.

ಇನ್ನೊಂದು ತಪ್ಪು ಉರಿಯದು. ದಪ್ಪ ಕಬ್ಬಿಣದ ಬಾಣಲೆಗೆ ಜೋರು ಉರಿ ಕೊಡುತ್ತಿದ್ದೆ. ಚಟಪಟ ಸದ್ದು ಶುರುವಾದ ಒಂದೇ ನಿಮಿಷಕ್ಕೆ ಇಳಿಸಿಬಿಡುತ್ತಿದ್ದೆ. ಬೀಜ ಮುರಿದು ನೋಡಿದರೆ ಹೊರಗೆ ಕಂದು, ಒಳಗೆ ಹುಲ್ಲಿನ ಬಣ್ಣ. ಈಗ ಸದ್ದು ಬರುವ ಸ್ವಲ್ಪ ಮೊದಲೇ ಉರಿ ಸಣ್ಣ ಮಾಡುತ್ತೇನೆ. ಸದ್ದು ಬಂದ ಮೇಲೆ ಎರಡು ನಿಮಿಷ ಕೈ ಬಿಡದೆ ಕೆದಕುತ್ತೇನೆ. ಎರಡನೇ ಸದ್ದಿನವರೆಗೂ ಹೋಗುವುದಿಲ್ಲ, ಹೋದರೆ ಕಹಿಯೇ ಜಾಸ್ತಿ. ಇಳಿಸಿದ ತಕ್ಷಣ ಫ್ಯಾನ್ ಕೆಳಗೆ ಹರಡಿ ಆರಿಸಬೇಕು. ಆಮೇಲೆ ಡಬ್ಬದಲ್ಲಿ ಒಂದು ವಾರ. ಮಾರನೇ ದಿನವೇ ಕುಡಿದರೆ ಬೀಜದೊಳಗಿನ ಗಾಳಿ ಇನ್ನೂ ಹೋಗಿರುವುದಿಲ್ಲ, ರುಚಿ ಚೂರುಚೂರಾಗಿ ಸಿಗುತ್ತದೆ.

ಇನ್ನು ಸೋಸುವುದು. 15 ಗ್ರಾಂ ಪುಡಿಗೆ 240 ಮಿಲಿ ನೀರು. ಪುಡಿ ಚಿರೋಟಿ ರವೆಯಷ್ಟು ಸಣ್ಣ ಬೇಡ, ಉಪ್ಪಿಟ್ಟಿನ ರವೆಯಷ್ಟಿರಲಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಕುದಿ ನಿಂತ ಮೇಲೆ ಜಾಸ್ತಿ ಕಾಯಬೇಕಿಲ್ಲ. ಒಮ್ಮೆ ಇಳಿಯುವ ಕಾಫಿಯನ್ನು ಮೂರು ಲೋಟಕ್ಕೆ ಬೇರೆ ಬೇರೆ ಹಿಡಿದು ನೋಡಿ. ಮೊದಲನೆಯದು ಹುಳಿ, ನಡುವಿನದು ಸಿಹಿ, ಕೊನೆಯದು ತೆಳ್ಳಗೆ, ಒಗರು. ಅದಕ್ಕೇ ಮೂರು ನಿಮಿಷ ದಾಟಿದ ಮೇಲೆ ಬೀಳುವ ಹನಿಗಳನ್ನು ನಾನು ಲೋಟಕ್ಕೆ ಬಿಡುವುದಿಲ್ಲ.

ಈಗ ಗುಟುಕು ಇಳಿದ ಮೇಲೂ ಬೆಲ್ಲದ ಪಾಕದಂಥ ಸಿಹಿ ಬಾಯಲ್ಲಿ ನಿಲ್ಲುತ್ತದೆ. ಕಳೆದ ವಾರ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಈ ಸಲ ಮೊದಲ ಸುತ್ತಿನ ಕೊಯ್ಲಿನಲ್ಲೇ ಐದು ಕೆ.ಜಿ. ತೆಗೆದಿಡಿ, ಬರೀ ಕೆಂಪು ಹಣ್ಣು ಸಾಕು ಎಂದೆ. "ಹಣ್ಣು ಆರಿಸೋಕೆ ನೀನೇ ಬಾ ಮತ್ತೆ" ಎಂದರು. ಡಿಸೆಂಬರ್‌ಗೆ ರಜೆ ಹಾಕಿದ್ದೇನೆ.