ಮಳೆಗಾಲದ ಚೆಕ್ ಎಂಜಿನ್ ಲೈಟ್: ಮೊದಲು ಬಾನೆಟ್ ಎತ್ತಿ ನೋಡಿ

ಆರಿದ್ರಾ ಮಳೆ ಹಿಡೀತು ಅಂದ್ರೆ ತೀರ್ಥಹಳ್ಳಿಯ ನಮ್ಮ ಗ್ಯಾರೇಜಿಗೆ ದಿನಾ ಇದೇ ಫೋನು: "ಮೀಟರಲ್ಲಿ ಹಳದಿ ಎಂಜಿನ್ ಚಿತ್ರ ಬಂದಿದೆ, ಎಂತ ಮಾಡೋದು ಮಾರಾಯ್ರೆ?" ನಾನು ಮೊದಲು ಕೇಳೋದು, ಅದು ಒಂದೇ ಸಮ ಉರೀತಿದೆಯೋ, ಮಿಣುಕ್ತಿದೆಯೋ ಅಂತ.

ಒಂದೇ ಸಮ ಉರೀತಿದ್ದು, ಗಾಡಿ ಎಂದಿನ ಹಾಗೇ ಎಳೀತಿದ್ರೆ ನಿಧಾನ ಮನೆಗೆ ಹೋಗಿ, ಬೆಳಗ್ಗೆ ನೋಡಿದ್ರಾಯ್ತು. ಮಿಣುಕ್ತಾ ಇದ್ದು ಗಾಡಿ ಜಗ್ಗಿ ಜಗ್ಗಿ ಹೋಗ್ತಿದ್ರೆ ಬದಿಗೆ ಹಾಕಿ ಆಫ್ ಮಾಡಿ. ಯಾವುದೋ ಸಿಲಿಂಡರ್ ಜೋರಾಗಿ ಮಿಸ್ ಹೊಡೀತಿರ್ತದೆ. ಸುಡದೆ ಉಳಿದ ಪೆಟ್ರೋಲು ಸೈಲೆನ್ಸರ್ ದಾರೀಲಿದ್ದು ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸಬಹುದು. ಅದರೊಳಗೆ ಲೇಪಿಸಿರೋದು ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್ ತರದ ಲೋಹ. ಬೆಲೆ ನೀವೇ ಊಹಿಸಿ. ಆಗುಂಬೆ ಘಾಟಿ ಹತ್ತುವಾಗ ಮಿಣುಕಿದ್ರೆ "ಮೇಲೆ ಹೋಗಿ ನೋಡಣ" ಅನ್ನೋದು ಬೇಡ, ತಿರುವು ಬಿಟ್ಟು ಅಗಲ ಜಾಗದಲ್ಲಿ ನಿಲ್ಲಿಸಿ. ಕೆಂಪು ಬಣ್ಣದ ಆಯಿಲ್ ಲೈಟು, ಟೆಂಪರೇಚರ್ ಲೈಟು ಇದರ ಲೆಕ್ಕಕ್ಕೇ ಬರೋದಿಲ್ಲ. ಅವು ಬಂದ್ರೆ ತಕ್ಷಣ ಆಫ್.

ಈಗ ಕಾರಣಕ್ಕೆ ಬರುವ. ಮಲೆನಾಡಲ್ಲಿ ನನಗೆ ಮೊದಲ ಅನುಮಾನ ಇಲಿ ಮೇಲೆ. ಹೊರಗೆ ಬಿಡದ ಮಳೆ, ಒಳಗೆ ಬೆಚ್ಚಗಿನ ಎಂಜಿನ್, ಪಕ್ಕದಲ್ಲೇ ಕೊಟ್ಟಿಗೆ. ಅದಕ್ಕೆ ಇನ್ನೆಂತ ಬೇಕು? ಎಂಜಿನ್ ತಣಿದ ಮೇಲೆ ಬಾನೆಟ್ ಎತ್ತಿ ಟಾರ್ಚ್ ಬಿಡಿ. ಬ್ಯಾಟರಿ ಟ್ರೇ ಅಡಿ, ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರಿನ ಅಡಿ ನೋಡಿ. ಹಿಕ್ಕೆ, ಅಡಿಕೆ ಸಿಪ್ಪೆ, ಕಿತ್ತ ಸ್ಪಂಜು ಕಂಡ್ರೆ ಅಲ್ಲಿಂದ ಹೋಗೋ ವೈರನ್ನ ಬೆರಳಲ್ಲಿ ಸವರುತ್ತಾ ಹೋಗಿ. ಹಲ್ಲು ಬಿದ್ದಲ್ಲಿ ಇನ್ಸುಲೇಷನ್ ಎದ್ದು, ತಾಮ್ರ ಹೊಳೀತಿರ್ತದೆ. ಹೊಗೆಯಲ್ಲಿ ಆಮ್ಲಜನಕ ಅಳೆಯೋ ಆಕ್ಸಿಜನ್ ಸೆನ್ಸರ್ ವೈರ್ ತುಂಡಾಗಿದ್ರೆ, ಗಾಡಿಯ ಕಂಪ್ಯೂಟರಿಂದ ದೋಷದ ಕೋಡ್ ಓದೋ ಸ್ಕ್ಯಾನರ್ ಹೇಳೋದು ಸೆನ್ಸರ್ ಹೆಸರನ್ನೇ. ಆ ಹೆಸರು ನೋಡಿ ಹೊಸ ಸೆನ್ಸರ್ ತರಿಸಿದವರು ಬೇಕಾದಷ್ಟು ಜನ ಇದ್ದಾರೆ. ವೈರ್ ಬೆಸುಗೆ ಹಾಕಿಸಿ, ಮೇಲೆ ಬಿಸಿಗೆ ಬಿಗಿಯೋ ಸ್ಲೀವ್ ಹಾಕಿಸಿ. ಬರೀ ಟೇಪು ನಮ್ಮ ಮಳೆಗೆ ತಡೆಯೋದಿಲ್ಲ.

ಏರ್ ಫಿಲ್ಟರ್ ಡಬ್ಬೀನೂ ಬಿಚ್ಚಿ ನೋಡಿ, ಗೂಡು ಕಟ್ಟೋಕೆ ಅದು ಪ್ರಶಸ್ತ ಜಾಗ. ಐಡ್ಲಿಂಗಲ್ಲಿ ಸುಯ್ ಅನ್ನೋ ಸದ್ದು ಬಂದು ಆರ್‌ಪಿಎಂ ಏರಿಳೀತಿದ್ರೆ ವ್ಯಾಕ್ಯೂಮ್ ಹೋಸ್ (ಎಂಜಿನ್ನಿನ ಗಾಳಿ ದಾರಿಗೆ ಸೇರೋ ರಬ್ಬರ್ ಪೈಪು) ಇಲಿ ಕಡಿದಿರಬಹುದು. ಆಗ ಕೆಲವು ಗಾಡೀಲಿ ಪಿ0171 ಅನ್ನೋ ಕೋಡ್ ಬರ್ತದೆ, ಪೆಟ್ರೋಲಿಗಿಂತ ಗಾಳಿ ಹೆಚ್ಚಾಯ್ತು ಅಂತ. ಇಲಿ ಬರದ ಹಾಗೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟೋದು ಊರೆಲ್ಲ ಮಾಡ್ತಾರೆ. ಕಟ್ಟಿ, ಬೇಡ ಅನ್ನಲ್ಲ. ವಾಸನೆ ಹೋದ ಮೇಲೆ ಬದಲಿಸಿ, ಎಕ್ಸಾಸ್ಟ್ ಹತ್ತಿರ ಮಾತ್ರ ಇಡಬೇಡಿ, ಬೆಂಕಿ ಹತ್ತೀತು.

ಇಲಿ ಇಲ್ಲ ಅಂದ್ರೆ ನೀರು. ಹೊಳೆ ಉಕ್ಕಿದ ಮೋರಿ ದಾಟಿದ ಮೇಲೆ, ಇಲ್ಲವೇ ವಾಟರ್ ಸರ್ವಿಸಲ್ಲಿ ಎಂಜಿನ್ನಿಗೇ ಪ್ರೆಷರ್ ಪೈಪ್ ಬಿಟ್ಟ ಮೇಲೆ ಲೈಟ್ ಬಂತು ಅಂದ್ರೆ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡೋ ಇಗ್ನಿಷನ್ ಕಾಯಿಲ್ ನೋಡಿ. ಪೆಟ್ರೋಲ್ ಗಾಡೀಲಿ ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದ್ರೆ ಕೊನೇ ಅಂಕಿಯೇ ಮಿಸ್ ಹೊಡೆಯೋ ಸಿಲಿಂಡರ್. ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇರೋ ಎಂಜಿನ್ನಾದ್ರೆ ಈ ಪರೀಕ್ಷೆ ಮನೇಲೇ ಮಾಡಬಹುದು. ಚಾವಿ ತೆಗೆದು, ಎಂಜಿನ್ ತಣ್ಣಗಿರುವಾಗ ಕಾಯಿಲ್ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ಬೋಲ್ಟ್ ಬಿಚ್ಚಿ, ಕಾಯಿಲನ್ನ ಸ್ವಲ್ಪ ತಿರುಗಿಸಿ ಮೇಲಕ್ಕೆಳೀರಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯಾ? ಕೆಳಗಿನ ರಬ್ಬರ್ ಮೇಲೆ ಪೆನ್ಸಿಲ್ಲಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಇದೆಯಾ? ಇದ್ರೆ ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಸೋರಿದೆ. ಪ್ಲಗ್ ಕೂರೋ ಗುಂಡಿಯಲ್ಲಿ ನೀರು ನಿಂತಿದ್ರೆ ಬಟ್ಟೆಯಲ್ಲಿ ಹೀರಿಸಿ, ಒಣಗಿಸಿ, ಆಮೇಲೇ ಪ್ಲಗ್ಗಿಗೆ ಕೈ ಹಾಕಿ. ಏನೂ ಕಾಣಲಿಲ್ಲ, ಕೋಡ್ ಪಿ0302 ಅಂತಿಟ್ಟುಕೊಳ್ಳಿ, ಎರಡನೇ ಸಿಲಿಂಡರಿನ ಕಾಯಿಲನ್ನ ಮೂರನೆಯದಕ್ಕೆ, ಅದರದ್ದನ್ನ ಇದಕ್ಕೆ ಹಾಕಿ ಓಡಿಸಿ. ಪಿ0302 ಹೋಗಿ ಪಿ0303 ಬಂತೋ, ಕಾಯಿಲೇ ಕೆಟ್ಟಿದೆ. ಕೋಡ್ ಜಾಗ ಬಿಟ್ಟು ಅಲ್ಲಾಡಲಿಲ್ಲ ಅಂದ್ರೆ ಪ್ಲಗ್, ಇಂಜೆಕ್ಟರ್, ವೈರಿಂಗ್ ಕಡೆ ನೋಡಬೇಕು.

ಮುಚ್ಚಳ ಸಡಿಲ ಇದ್ರೆ ಲೈಟ್ ಬರ್ತದೆ ಅಂತ ವಿಡಿಯೋ ನೋಡಿದವರೆಲ್ಲ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸ್ತಾ ಕೂರ್ತಾರೆ. ಅದು ಅಮೆರಿಕದ ಗಾಡಿಗಳ ಕತೆ; ಅಲ್ಲಿ ಟ್ಯಾಂಕಿಂದ ಆವಿ ಸೋರಿದ್ರೂ ಕಂಪ್ಯೂಟರ್ ಹಿಡೀತದೆ. ನಮ್ಮ ಹೆಚ್ಚಿನ ಗಾಡಿಗಳಲ್ಲಿ ಆ ತಪಾಸಣೆ ಇಲ್ಲ. ಹಾಗಂತ ಮುಚ್ಚಳ ಸಡಿಲ ಬಿಡಬೇಡಿ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇದೆ, ಅದು ನೀರು ಹೀರ್ತದೆ. ಜಾಸ್ತಿ ನೀರು ಸೇರಿದ್ರೆ ಎರಡೂ ಒಟ್ಟಿಗೆ ಟ್ಯಾಂಕಿನ ತಳಕ್ಕೆ ಇಳೀತವೆ. ಆಮೇಲೆ ಮಿಸ್ ಹೊಡೆಯೋದು ಒಂದು ಸಿಲಿಂಡರ್ ಅಲ್ಲ, ಎಲ್ಲಾನೂ.

ಬ್ಯಾಟರಿ ಬಗ್ಗೆ ಒಂದು ಮಾತು. ಮಳೆಗಾಲಪೂರ್ತಿ ಶೆಡ್ಡಲ್ಲಿ ನಿಂತ ಗಾಡಿ ವೋಲ್ಟೇಜ್ ಕಮ್ಮಿಯಾಗಿ ಸಂಬಂಧವೇ ಇಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ತೋರಿಸಬಹುದು. ಮೊದಲು ಚಾರ್ಜ್ ಮಾಡಿಸಿ, ಟರ್ಮಿನಲ್ ಉಜ್ಜಿ, ಆಮೇಲೆ ಉಳಿದದ್ದು.

2020ರ ಏಪ್ರಿಲಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಕಾರುಗಳಲ್ಲೆಲ್ಲ ಸ್ಟೇರಿಂಗ್ ಅಡಿ ಆಸುಪಾಸಲ್ಲಿ 16 ಪಿನ್ನಿನ ಸಾಕೆಟ್ ಇರ್ತದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದ್ರೆ ಕೋಡ್ ಮೊಬೈಲಿಗೇ ಬರ್ತದೆ. ಬಂದ ಕೂಡಲೇ ಅಳಿಸಬೇಡಿ! ಲೈಟ್ ಹತ್ತಿದ ಗಳಿಗೆಯಲ್ಲಿ ಸ್ಪೀಡು, ಆರ್‌ಪಿಎಂ, ಎಂಜಿನ್ ಬಿಸಿ ಎಷ್ಟಿತ್ತು ಅನ್ನೋದೂ ಅದರ ಜೊತೆ ಉಳಿದಿರ್ತದೆ, ಅಳಿಸಿದ್ರೆ ಅದೂ ಹೋಯ್ತು. ಫೋಟೋ ಹೊಡೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತೋರಿಸಿ. ದೋಷ ಸರಿಯಾಗಿದ್ರೆ ಸಾಮಾನ್ಯವಾಗಿ ಮೂರು ಸಲ ಸರಿಯಾಗಿ ಓಡಿಸೋದ್ರಲ್ಲಿ ಲೈಟ್ ತಾನೇ ಆರ್ತದೆ. ಆರಿ ಮತ್ತೆ ಹತ್ತಿದ್ರೆ ಹಳೇ ಕೋಡೋ ಹೊಸದೋ ನೋಡಿಕೊಂಡು ಗಾಡಿ ತನ್ನಿ.